ಹಗ್ಗ ಹಿಡಿದವಳ ಮಾತು

ದೋರನಹಳ್ಳಿಯ ದಿಬ್ಬದ ಓಣಿಯಲ್ಲಿ ದೇವಕಮ್ಮನಿಗೆ ಎರಡು ಹೆಸರು. ಎದುರಿಗೆ ಸಿಕ್ಕರೆ 'ಗ್ಯಾಸಕ್ಕ', ಬೆನ್ನ ಹಿಂದೆ 'ಹಗೇವಿನ ತಾಯಪ್ಪನ ಮಗಳು'. ಒಂದು ಅವಳು ದುಡಿದು ಗಳಿಸಿದ್ದು, ಇನ್ನೊಂದು ಹುಟ್ಟಿನಿಂದ ಬಂದದ್ದು. ಈ ಎರಡು ಹೆಸರುಗಳು ಒಂದು ವರ್ಷವಿಡೀ ಎದುರುಬದುರು ನಿಂತು ಜಗಳಾಡಿದವು.

ತಾಯಪ್ಪನ ಕಸುಬು ಹಗೇವು ತೆಗೆಯುವುದು. ಹಗೇವು ಅಂದರೆ ನೆಲದೊಳಗಿನ ಕಣಜ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಒಳಗೆ ಇಳಿದಂತೆ ಗಡಿಗೆಯ ಹೊಟ್ಟೆಯ ಹಾಗೆ ಅಗಲ. ಸುಗ್ಗಿಯ ಜೋಳ ತುಂಬಿ, ಬಾಯಿಗೆ ಹಾಸುಗಲ್ಲು ಎಳೆದು, ಸುತ್ತ ಮಣ್ಣು ಮೆತ್ತಿಬಿಟ್ಟರೆ ಇಲಿಗೂ ಸಿಗದು, ಕಳ್ಳನಿಗೂ ಸಿಗದು, ಊರೇ ಹೊತ್ತಿ ಉರಿದರೂ ಬೆಂಕಿಗೆ ಸಿಗದು. ಆದರೆ ಮುಚ್ಚಿದ ಹಗೇವಿನೊಳಗೆ ಜೋಳ ಉಸಿರಾಡುತ್ತಲೇ ಇರುತ್ತದೆ. ಆ ಹಳೆಯ ಉಸಿರು ತಳದಲ್ಲಿ ಕುಳಿತು ಕೆಟ್ಟಗಾಳಿಯಾಗುತ್ತದೆ. ಕಲ್ಲು ಸರಿಸಿ ಸುಮ್ಮನೆ ಇಳಿದವನು ಮೇಲೆ ಬಂದ ಉದಾಹರಣೆ ಇಲ್ಲ.

ಅದಕ್ಕೇ ತಾಯಪ್ಪ ಮೊದಲು ದೀಪವನ್ನು ಇಳಿಸುತ್ತಿದ್ದ. ತಂತಿಯ ಬುಟ್ಟಿಯೊಳಗೆ ಚಿಮಣಿ ಬುಡ್ಡಿ ಕೂರಿಸಿ, ಹಗ್ಗ ಕಟ್ಟಿ, ತಾಯಿ ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ಮೆಲ್ಲಗೆ ಬಿಡುತ್ತಿದ್ದ. ದೀಪ ಆರಿದರೆ ಬೇವಿನ ಟೊಂಗೆಗಳ ಹೊರೆ ಕಟ್ಟಿ ಇಳಿಬಿಟ್ಟು, ಮೇಲೆ ಕೆಳಗೆ ಜಗ್ಗಿ ಜಗ್ಗಿ ಗಾಳಿಯನ್ನು ಕದಡಿ ಹೊರಗೆ ಹಾಕುತ್ತಿದ್ದ. ಮತ್ತೆ ದೀಪ. ಅದು ತಳದಲ್ಲಿ ನಿಂತು ಉರಿದರೆ ಮಾತ್ರ ತಾನು ಇಳಿಯುತ್ತಿದ್ದ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು.

ಆ ಹಗ್ಗದ ಮೇಲಿನ ತುದಿ ಬಹಳ ದಿನ ದೇವಕಮ್ಮನ ಕೈಯಲ್ಲಿತ್ತು. ಎಳೆಯಲು ಗಂಡಸರಿದ್ದರು. ನೋಡಲು, ಕೇಳಲು, ಒಳಗಿನ ಉಸಿರಿನ ಸದ್ದು ತಪ್ಪಿದರೆ ಕೂಗಲು ಅವಳಿದ್ದಳು. ತಾಯಪ್ಪನಿಗೆ ಒಂದು ಕಟ್ಟಳೆ ಇತ್ತು. ಇಳಿದವನು ಎಷ್ಟೇ ದೊಡ್ಡವನಾಗಲಿ, ಹಗ್ಗ ಹಿಡಿದವರು "ಮ್ಯಾಲ ಬಾ" ಅಂದರೆ ಬರಬೇಕು. ಯಾಕೆ ಎಂದು ಕೇಳಬಾರದು. ಕೇಳುವುದೇನಿದ್ದರೂ ಮೇಲೆ ಬಂದು ಕೂತ ಮೇಲೆ. ಒಂದು ಸಲ ಗೌಡರ ಹಗೇವಿನಲ್ಲಿ ಅವಳು ಸುಮ್ಮನೆ ಹೆದರಿ ಕೂಗಿದ್ದಳು. ಒಳಗೆ ಏನೂ ಆಗಿರಲಿಲ್ಲ. ತಾಯಪ್ಪ ಅರ್ಧ ಕೆಲಸ ಬಿಟ್ಟು ಮೇಲೆ ಬಂದ, ಬೆವರು ಒರೆಸಿಕೊಂಡ, ಬೈಯಲಿಲ್ಲ. "ಚೊಲೊ ಮಾಡಿದಿ," ಅಂದ. ಅಷ್ಟೇ. ಆ ಒಂದು ಮಾತನ್ನು ಅವಳು ಮದುವೆಯಾಗುವಾಗ ಸೀರೆಯ ಮಡಿಕೆಯಲ್ಲಿಟ್ಟು ಒಯ್ದಳೋ ಎನ್ನುವಷ್ಟು ಜೋಪಾನ ಮಾಡಿದಳು.

ಆಮೇಲೆ ಕಾಲುವೆ ಬಂತು. ಕೃಷ್ಣೆಯ ನೀರು ಕರಿನೆಲದ ಮೇಲೆ ಬೆಳ್ಳಿಯ ಗೆರೆ ಎಳೆದಂತೆ ಬಂತು. ಜೋಳ ಬಿತ್ತುತ್ತಿದ್ದ ಹೊಲಗಳಲ್ಲಿ ಭತ್ತ ಹಸಿರಾಯಿತು, ಬೇಸಿಗೆಯಲ್ಲೂ ಕಪ್ಪೆ ಕೂಗಿದವು, ಹೆಂಗಸರ ತಲೆಯ ಮೇಲಿನ ಕೊಡ ಇಳಿಯಿತು. ಊರು ಉಬ್ಬಿತು. ಆದರೆ ನೀರು ಮೇಲೆ ಹರಿದಷ್ಟೇ ನೆಲದೊಳಗೂ ಹರಿಯುತ್ತದೆ. ಹಗೇವಿನ ಗೋಡೆಗಳು ಬೆವರಿದವು. ಇಟ್ಟ ಜೋಳ ಕಪ್ಪಾಗಿ, ಹೆಂಟೆ ಕಟ್ಟಿ, ಹುಳಿ ನಾರಿತು. ಕೆಳಗಿನ ಓಣಿಗಳವರು ಹಗೇವು ಮುಚ್ಚಿ ಮೇಲೆ ಕಟ್ಟೆ ಕಟ್ಟಿಕೊಂಡರು. ದಿಬ್ಬದ ಓಣಿಯವು ಮಾತ್ರ ಉಳಿದವು, ಖಾಲಿಯಾಗಿ. ತಾಯಪ್ಪ ತನ್ನ ಹಗ್ಗವನ್ನು ಸುರುಳಿ ಸುತ್ತಿ ಗೂಟಕ್ಕೆ ತೂಗುಹಾಕಿದ. ನಶ್ಯದ ಡಬ್ಬಿಯೊಂದೇ ಕೈಯಲ್ಲುಳಿಯಿತು.

ದೇವಕಮ್ಮ ಹತ್ತನೆಯ ತರಗತಿ ಪಾಸಾದಳು, ಅದೇ ಊರಿನ ಅಂಬ್ರಪ್ಪನನ್ನು ಮದುವೆಯಾದಳು. ಅಂಬ್ರಪ್ಪ ಶಹಾಪುರದ ಒಂದು ಗ್ಯಾಸ್ ಏಜೆನ್ಸಿಯ ಆಟೋ ಓಡಿಸುತ್ತಿದ್ದ. ಹಳ್ಳಿಹಳ್ಳಿಗೆ ಸಿಲಿಂಡರ್ ಬರತೊಡಗಿದ ಕಾಲ ಅದು. ಒಲೆ ಹಚ್ಚುವುದನ್ನು ಮನೆಮನೆಗೆ ಹೋಗಿ ಕಲಿಸಲು ಒಬ್ಬ ಹೆಣ್ಣುಮಗಳು ಬೇಕಾಗಿದ್ದಳು. "ನಮ್ಮಕೀಗಿ ಬಾಯಿ ಭಾಳ ಐತ್ರಿ, ತಗೋರಿ," ಎಂದು ಅಂಬ್ರಪ್ಪನೇ ಶಿಫಾರಸು ಮಾಡಿದ. ಅವಳಿಗೆ ಶಹಾಪುರದಲ್ಲಿ ತರಬೇತಿ ಕೊಟ್ಟರು. ಅಲ್ಲಿ ಕೇಳಿದ ಶಬ್ದಗಳು ಹೊಸ ಬಳೆಗಳ ಹಾಗೆ ಕಿವಿಯಲ್ಲಿ ಕಿಣಿಗುಟ್ಟಿದವು. ಪ್ರೆಶರ್, ರೆಗ್ಯುಲೇಟರ್, ವೋಲ್ಟೇಜ್, ಲೋಡ್, ಫ್ಯೂಸ್. ಗ್ಯಾಸ್ ಇದ್ದಲ್ಲಿ ಕರೆಂಟಿನ ಕಿಡಿ ಶತ್ರು, ಎರಡನ್ನೂ ತಿಳಿದವಳೇ ಕಲಿಸಬೇಕು ಎಂದಿದ್ದರು ಅಲ್ಲಿಯವರು. ಆದರೆ ಊರಿಗೆ ಬಂದು ಹಾಗೆಹಾಗೆಯೇ ಹೇಳಿದರೆ ಹೆಂಗಸರು ಆಕಳಿಸಿದರು. ಅವಳು ಆ ಶಬ್ದಗಳನ್ನು ಕಾಲುವೆಯ ನೀರಿನಲ್ಲಿ ಅದ್ದಿ ತೆಗೆಯಬೇಕಾಯಿತು.

ಮೊದಲ ಪಾಠ ಖಾಸಿಂಬೀಯ ಅಂಗಳದಲ್ಲಿ. ಖಾಸಿಂಬೀ ದಿಬ್ಬದ ಓಣಿಗೆಲ್ಲ ಹಿರಿಯಳು. ಅವಳ ಗಂಡ ಬಾಷುಮಿಯಾ ಕಾಲುವೆಯ ಗೇಟು ಏರಿಸಿ ಇಳಿಸಿ ನೀರು ಹಂಚುತ್ತಿದ್ದ ಸೌಡಿ, ಈಗ ನಿವೃತ್ತ. ಓಣಿಯ ಹೆಂಗಸರು ಹುಣಸೆಹಣ್ಣು ಬಿಡಿಸುತ್ತ ಕೂತಿದ್ದರು.

"ಡ್ಯಾಮಿನ್ಯಾಗ ನೀರು ನಿಂತೈತಲ್ಲ," ಎಂದಳು ದೇವಕಮ್ಮ. "ಗೇಟಿನ ಹಿಂದ ನಿಂತು ಮುಂದಕ್ಕ ಒತ್ತತೈತಿ. ಆ ಒತ್ತಡಕ್ಕ ವೋಲ್ಟೇಜ್ ಅಂತಾರ. ಗೇಟು ತೆರದ ಮ್ಯಾಲ ಹರೀತೈತಲ್ಲ, ಅದು ಕರೆಂಟ್."

"ಹಂಗಾರ ನಾ ನೌಕರಿ ಮಾಡಿದ್ದು ಕರೆಂಟಿನ ಇಲಾಖಿಯಾಗ ಅನ್ನು," ಎಂದ ಬಾಷುಮಿಯಾ ಬೀಡಿ ತುಟಿಗಿಟ್ಟುಕೊಂಡು.

"ನೀವು ಚುಪ್ ಕೂಡ್ರಿ," ಎಂದಳು ಖಾಸಿಂಬೀ. "ಏ ದೇವಕೀ, ಸಂಜಿಕ ನಮ್ಮನಿ ಬಲ್ಬು ಕುಂಬಳ ಹೂವಿನಂಗ ಹಳದಿ ಆಗತೈತಿ. ಅದ್ಯಾಕ?"

"ನೀವು ಟೇಲೆಂಡಿನ್ಯಾಗ ಅದೀರಿ ಆಪಾ. ಲೈನಿನ ಕಡೀ ಮನಿ ನಿಮ್ಮದು. ಮ್ಯಾಲಿನವ್ರೆಲ್ಲಾ ಒಮ್ಮಿಗೇ ಮೋಟಾರ ಹಚ್ಚಿದ್ರ ಕಡೀ ಹೊಲಕ್ಕ ನೀರು ಬರತೈತೇನು? ಹಂಗ ಇದು. ಎಲ್ಲಾರೂ ಕೂಡಿ ಎಳಕೊಳ್ಳೋದಕ್ಕ ಲೋಡ್ ಅಂತಾರ."

ಅದು ಹೆಂಗಸರಿಗೆ ನಾಟಿತು. ಟೇಲೆಂಡಿನ ಸಂಕಟ ಗೊತ್ತಿಲ್ಲದವರು ಆ ಸೀಮೆಯಲ್ಲಿ ಯಾರಿದ್ದಾರೆ? ಫ್ಯೂಸ್ ಅಂದರೆ ಬೇಕೆಂದೇ ಕಚ್ಚಾ ಬಿಟ್ಟ ಒಡ್ಡು, ನೀರು ಹೆಚ್ಚಾದರೆ ತಾನು ಮೊದಲು ಒಡೆದು ದೊಡ್ಡ ಕಾಲುವೆ ಉಳಿಸುತ್ತದೆ ಎಂದಾಗ ಬಾಷುಮಿಯಾ ತಲೆದೂಗಿದ. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಒಂದು ತಾಸು ಕಾದರೆ ಒಂದು ಯೂನಿಟ್ ಎಂದಾಗ ಮೂಲೆಯಲ್ಲಿ ಕೂತಿದ್ದ ಮೋನಮ್ಮ, "ಅದಕ್ಕ ನಾನು ನನ್ನ ಗಂಡನ ಅಂಗಿ ಇಸ್ತ್ರಿ ಮಾಡಂಗಿಲ್ಲವಾ," ಎಂದು ನಗಿಸಿದಳು.

ಆಮೇಲೆ ಗ್ಯಾಸಿಗೆ ಬಂದಳು.

"ದೊಡ್ಡ ಶಹರದಾಗ ನೆಲದಿಂದ ಬಂದ ನೈಸರ್ಗಿಕ ಅನಿಲ ಪೈಪಿನ್ಯಾಗ ಹರೀತೈತಿ. ಅದು ಗಾಳಿಗಿಂತ ಹಗುರ. ಸೋರಿದ್ರ ಹೊಗಿ ಹಂಗ ಮ್ಯಾಲ ಹೋಗತೈತಿ. ನಮ್ಮ ಸಿಲಿಂಡರಿನ್ಯಾಗಿಂದು ಬ್ಯಾರೆ. ಅದನ್ನ ಒತ್ತಿ ಒತ್ತಿ ನೀರು ಮಾಡಿ ತುಂಬ್ಯಾರ. ಹೊರಗ ಬಂದ್ರ ಗಾಳಿಗಿಂತ ಭಾರ. ನೆಲ ಹಿಡಕೊಂಡು ಹರೀತೈತಿ, ತಗ್ಗು ಹುಡುಕತೈತಿ, ತಗ್ಗಿನ್ಯಾಗ ಕುಂದರತೈತಿ."

"ವಾಸನಿ ಬರತೈತಲ್ಲ, ತಿಳೀತದ ಬಿಡು," ಎಂದಳು ಖಾಸಿಂಬೀ.

"ಅದಕ್ಕ ತಂದಽ ವಾಸನಿ ಇಲ್ಲ ಆಪಾ. ನಮಗ ತಿಳೀಲಿ ಅಂತ ಬೆರಸ್ಯಾರ. ಹಾಯೋ ಎತ್ತಿಗಿ ಗಂಟಿ ಕಟ್ಟಿದಂಗ."

ಹೆಂಗಸರು ತಿಳಿಯಿತು ಎಂದರು. ಆದರೆ ತಿಳಿಯಿತು ಎಂದವರು ಮಾಡಿದ್ದು ಬೇರೆ. ಒಲೆಗೆ ಅರಿಶಿನ ಕುಂಕುಮ ಹಚ್ಚಿ ಹಲಗೆಯ ಮೇಲೆ ಏರಿಸಿದರು. ಸಿಲಿಂಡರ್ ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ತಾಯಪ್ಪನನ್ನು ಕೇಳಿದರು. ಮನೆಯಲ್ಲಿ ಏನನ್ನು ಎಲ್ಲಿ ಜೋಪಾನ ಮಾಡಬೇಕು ಎಂದು ದಿಬ್ಬದ ಓಣಿ ಯಾವತ್ತೂ ಕೇಳುತ್ತಿದ್ದುದು ಅವನನ್ನೇ.

ತಾಯಪ್ಪ ನಶ್ಯ ಏರಿಸಿ, ಕಣ್ಣು ಮುಚ್ಚಿ ಯೋಚಿಸಿ ಹೇಳಿದ: "ಬೆಂಕಿಗಿ ಅಂಜೋ ವಸ್ತು ಬೆಂಕಿ ಮುಟ್ಟದ ಜಾಗಾದಾಗ ಇರಬೇಕು. ನಮ್ಮಪ್ಪನ ಕಾಲದಾಗ ಓಣಿ ಸುಟ್ಟಾಗ ಹಗೇವಿನ ಜೋಳ ಬೆಚ್ಚಗ ಸೈತ ಆಗಿರಲಿಲ್ಲ. ಹಗೇವಿನ್ಯಾಗ ಇಳಿಸ್ರಿ."

ಓಣಿಯವರು ಇಳಿಸಿದರು. ತಾಯಪ್ಪನೇ ಗೂಟದಿಂದ ಹಗ್ಗ ತೆಗೆದು, ಮನೆಮನೆಗೆ ಹೋಗಿ, ತನ್ನ ಕೈಯಾರೆ ಇಳಿಸಿಕೊಟ್ಟ. ಬಹಳ ವರ್ಷಗಳ ಮೇಲೆ ಅವನಿಗೆ ಕೆಲಸ ಸಿಕ್ಕಿತ್ತು. ಅವನ ನಡಿಗೆಯೇ ಬದಲಾಗಿತ್ತು.

ಇದು ದೇವಕಮ್ಮನಿಗೆ ತಿಳಿಯಿತು. ಭಾರವಾದ ಗ್ಯಾಸು, ಗಡಿಗೆಯಂಥ ತಗ್ಗು, ಮೇಲೆ ಮುಚ್ಚಿದ ಕಲ್ಲು. ಒಂದು ಸಿಲಿಂಡರಿನ ಬಾಯಿ ಸಡಿಲವಾದರೆ ಸಾಕು. ಅವಳು ಮನೆಮನೆಗೆ ಓಡಿದಳು. "ತೆಗೀರಿ, ಮ್ಯಾಲ ತೆಗೀರಿ, ಗಾಳಿ ಆಡೋ ಕಡೆ ಇಡ್ರಿ." ಎಲ್ಲರದೂ ಒಂದೇ ಉತ್ತರ. "ಇಡು ಅಂದವ ನಿಮ್ಮಪ್ಪ, ತೆಗಿ ಅನ್ನಾಕಿ ನೀನು. ಮೊದಲು ನೀವಿಬ್ರೂ ಮನಿಯಾಗ ಮಾತಾಡಿ ಬರ್ರಿ."

ಅವಳು ಮಾತಾಡಿದಳು. ತಾಯಪ್ಪ ಹೊರಸಿನ ಮೇಲೆ ಕೂತು ನಕ್ಕ.

"ಗಾಳಿ ಭಾರ ಇರತೈತಿ ಅಂತ ನನಗ ಕಲಸ್ತೀಯೇನಬೇ? ಕೆಟ್ಟಗಾಳಿ ತಳದಾಗ ಕುಂದರತೈತಿ ಅಂತ ನಿನಗ ಹೇಳಿದವ ಯಾರು?"

"ನೀನಽ ಅಪ್ಪಾ. ಅದಕ್ಕಽ ಹೇಳಾಕತ್ತೇನಿ."

"ಕುಂತ್ರ ಕುಂದರಲಿ. ತೆಗಿಯೋ ಮುಂದ ದೀಪ ಬಿಟ್ಟು ನೋಡತೀನಿ. ದೀಪಕ್ಕ ತಿಳೀದ್ದು ನಿನ್ನ ಪುಸ್ತಕಕ್ಕ ತಿಳೀತದೇನು?"

ದೀಪ ಬಿಟ್ಟು ನೋಡುತ್ತೇನೆ. ಅಲ್ಲಿಂದ ಅವಳ ಹಗಲೆಲ್ಲ ಒಂದೇ ಚಿಂತೆಯಾಯಿತು. ಆ ಸಿಲಿಂಡರುಗಳು ಮೇಲೆ ಬರಬೇಕು, ಅಪ್ಪನ ಮಾತಿನಿಂದಲೇ ಬರಬೇಕು, ಯಾವುದಾದರೂ ಅಂಗಳದಲ್ಲಿ ಅವನು ದೀಪ ಹಚ್ಚುವ ಮೊದಲು ಬರಬೇಕು. ಊರೂರಿಗೆ ಹೋಗಿ ಪಾಠ ಹೇಳುವವಳ ಮಾತು ಸ್ವಂತ ಓಣಿಯಲ್ಲಿ ನಡೆಯಲಿಲ್ಲ. ಸಗರಕ್ಕೆ ಹೋದರೆ ಅಲ್ಲಿಯ ಹೆಂಗಸರೂ ಅದನ್ನೇ ಎತ್ತಿ ಆಡಿದರು: "ನಿಮ್ಮ ಊರಾಗ ಹಗೇವಿನ್ಯಾಗ ಇಡತಾರಂತ? ನಾವೂ ಇಡೋಣೇನು?"

ಚಳಿಗಾಲದ ಒಂದು ಮುಂಜಾನೆ ಅಂಬ್ರಪ್ಪನ ಆಟೋದಲ್ಲಿ ಅವಳು ಶಹಾಪುರಕ್ಕೆ ಹೊರಟಿದ್ದಳು. ಖಾಸಿಂಬೀಯ ಮೊಮ್ಮಗಳು ಮಮ್ತಾಜಳಿಗೆ ಅಂದು ನಿಶ್ಚಿತಾರ್ಥ. ಸುರಪುರದಿಂದ ಗಂಡಿನ ಕಡೆಯವರು ಬರುವವರಿದ್ದರು. ಒಮ್ಮೆ ಮಾತಾಡಿಸಿ ಹೋಗೋಣ ಎಂದು ಖಾಸಿಂಬೀಯ ಮನೆಯ ಮುಂದೆ ಆಟೋ ನಿಲ್ಲಿಸಿದರು. ಓಣಿಯಲ್ಲಿ ಗಾಳಿಯೇ ಇರಲಿಲ್ಲ. ಹಿತ್ತಲಿನ ಒಲೆಯ ಹೊಗೆ ಮೇಲೇರದೆ ಮಾಳಿಗೆಯ ಮೇಲೆ ಮಲಗಿತ್ತು. ಮುಂಜಾನೆ ಹೋದ ಕರೆಂಟು ಇನ್ನೂ ಬಂದಿರಲಿಲ್ಲ.

ಬಾಗಿಲು ದಾಟುತ್ತಲೇ ವಾಸನೆ ಬಂತು. ಹುಳಿತ ಜೋಳ, ಹಸಿ ಮಣ್ಣು, ಹಳೆಯ ಹಗೇವು ತೆರೆದಾಗ ಬರುವ ಕೊಳೆತ ವಾಸನೆ. ಅದರ ಅಡಿಯಲ್ಲಿ ಇನ್ನೊಂದು.

ಅವಳ ಕಾಲು ನಿಂತವು. ಎತ್ತಿನ ಕೊರಳ ಗಂಟೆ ಕೇಳಿದಂತಾಯಿತು.

ಅಂಗಳದ ನಡುವೆ ಹಗೇವಿನ ಕಲ್ಲು ಸರಿದಿತ್ತು. ಸುತ್ತ ಆಳೆತ್ತರದ ಗೋಡೆ. ಬಾಯಿಯ ಹತ್ತಿರವೇ ತಾಯಪ್ಪನ ಹಗ್ಗ ಸುರುಳಿ ಬಿದ್ದಿತ್ತು. ಖಾಸಿಂಬೀ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಥೂ, ಎಂಥಾ ನಾತ! ಜೋಳ ಇಟ್ಟು ಯಾವ ಜಮಾನಾ ಆತು, ಇನ್ನಾ ನಾರತೈತಿ ನೋಡು," ಎನ್ನುತ್ತಿದ್ದಳು. ಬಳಕೆಗೆಂದು ಅವಳು ಮೇಲೆ ಇಟ್ಟುಕೊಂಡಿದ್ದ ಸಿಲಿಂಡರ್ ಚಹಾ ಕಾಸುವಾಗ ಮುಗಿದಿತ್ತು. ಎರಡನೆಯದು ಹಗೇವಿನಲ್ಲಿತ್ತು, ತೆಗೆಯಲು ತಾಯಪ್ಪ ಬಂದಿದ್ದ. ಇಳಿಸುವ ದಿನ ಹಗ್ಗ ಕಟ್ಟಲು ಅಡ್ಡವಾಗುತ್ತದೆಂದು ಅದರ ಮುಚ್ಚಳ ಬಿಚ್ಚಿದ್ದರು. ತಳಕ್ಕೆ ಹೋಗುವಾಗ ಅದು ಕಲ್ಲಿಗೆ ಬಡಿದದ್ದು ಯಾರ ನೆನಪಿನಲ್ಲೂ ಇರಲಿಲ್ಲ.

ನಾತ ಬಂದಿದೆ ಅಂದರೆ ಕೆಟ್ಟಗಾಳಿ ಇದೆ. ಕೆಟ್ಟಗಾಳಿ ಇದೆ ಅಂದರೆ ಮೊದಲು ದೀಪ. ತಾಯಪ್ಪನ ಬಾಳೆಲ್ಲ ಹೀಗೆಯೇ ನಡೆದಿತ್ತು. ಅವನ ಮೂಗು ನಶ್ಯ ಸೇದಿ ಸೇದಿ ಎಂದೋ ಕೈಬಿಟ್ಟಿತ್ತು. ಅವನು ಪಡಸಾಲೆಯ ಒಳಗಿನಿಂದ ಬರುತ್ತಿದ್ದ. ಬಲಗೈಯಲ್ಲಿ ತಂತಿಯ ಬುಟ್ಟಿ. ಬುಟ್ಟಿಯೊಳಗೆ ಉರಿಯುವ ಬುಡ್ಡಿ.

"ಅಪ್ಪಾ! ಅಲ್ಲೇ ನಿಂದ್ರು! ಮುಂದ ಬರಬ್ಯಾಡ!"

ಎಲ್ಲರೂ ತಿರುಗಿದರು. ತಾಯಪ್ಪ ಹೊಸ್ತಿಲ ಮೇಲೆ ನಿಂತ. ಜ್ವಾಲೆ ನೆಟ್ಟಗೆ, ಚಿಕ್ಕದಾಗಿ, ತೆನೆಯ ಕಾಳಿನ ಹಾಗೆ ನಿಂತಿತ್ತು.

"ಯಾಕಬೇ? ದೀಪ ಬಿಡದಽ ಇಳಿ ಅಂತೀಯೇನು? ನನ್ನ ಮಣ್ಣು ನೋಡೋ ಆಸೆ ಆಗೈತೇನು?"

"ಇಳೀನೂ ಬ್ಯಾಡ, ದೀಪಾನೂ ಬ್ಯಾಡ. ಒಳಗ ಗ್ಯಾಸ್ ಸೋರೈತಿ."

"ಅದು ಜೋಳದ ನಾತ ಬೇಟೀ," ಎಂದಳು ಖಾಸಿಂಬೀ. "ಸುರಪುರದವ್ರು ಹಾದಿ ಹಿಡದಾರ. ಹೊತ್ತು ಮಾಡಬ್ಯಾಡ."

"ಅಪ್ಪಾ, ನಿನ್ನ ಕೆಟ್ಟಗಾಳಿ ದೀಪ ಆರಸತೈತಿ. ಇದು ಆರಸಂಗಿಲ್ಲ. ಒಲಿಯಾಗ ಉರಿಯೋದು ಇದಽ. ದೀಪ ಮುಟ್ಟಿದ್ರ ಅಂಗಳಾನಽ ಎತ್ತಿ ಒಗೀತೈತಿ."

"ದೀಪ ನನಗ ಒಂದಿನಾನೂ ಸುಳ್ಳು ಹೇಳಿಲ್ಲ."

"ಸುಳ್ಳು ಹೇಳಂಗಿಲ್ಲಪ್ಪಾ. ಹೇಳಾಕ ಹೊತ್ತಽ ಇರಂಗಿಲ್ಲ."

ಯಾರೋ ಒಬ್ಬರು ನಕ್ಕರು. ಓಣಿಯೆಲ್ಲ ನೋಡುತ್ತಿತ್ತು. ತಾಯಪ್ಪನ ಕಸುಬಿನಲ್ಲಿ ಉಳಿದಿದ್ದುದು ಅದೊಂದು ದೀಪ, ಅದೊಂದು ಹಗ್ಗ. ಅವನು ಹೊಸ್ತಿಲಿಂದ ಒಂದು ಕಾಲು ಕೆಳಗಿಟ್ಟ.

ದೇವಕಮ್ಮ ಹೇಳಬೇಕಾದ್ದು ಹೇಳಿ ಆಗಿತ್ತು. ಇಷ್ಟು ದಿನ ಅದನ್ನೇ ಹೇಳಿದ್ದಳು, ಕೇಳದವರು ಕೇಳಿರಲಿಲ್ಲ. ಅವಳು ಬಾಗಿ ನೆಲದ ಮೇಲೆ ಬಿದ್ದಿದ್ದ ಹಗ್ಗವನ್ನು ಎತ್ತಿಕೊಂಡಳು. ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದ ಹಾಗೆಯೇ ಎಡಗೈಗೆ ಒಂದು ಸುತ್ತು ಹಾಕಿ, ಬಲಗೈಯಲ್ಲಿ ತುದಿ ಹಿಡಿದು, ಹಗೇವಿನ ಬಾಯಿಗೂ ಅಪ್ಪನಿಗೂ ನಡುವೆ ನಿಂತಳು. ನಾರಿನ ಒರಟು ಅಂಗೈಗೆ ಗುರುತು ಸಿಕ್ಕಿತು.

"ಹಗ್ಗ ನನ್ನ ಕೈಯಾಗೈತಿ ಅಪ್ಪಾ," ಎಂದಳು. "ಮ್ಯಾಲ ಬಾ."

ಉಳಿದವರಿಗೆ ಅದೇನೆಂದು ತಿಳಿಯಲಿಲ್ಲ. ನೆಲದ ಮೇಲೇ ನಿಂತ ಮನುಷ್ಯನಿಗೆ ಮೇಲೆ ಬಾ ಎನ್ನುತ್ತಾಳಲ್ಲ ಎಂದು ಬಾಷುಮಿಯಾ ಹೆಂಡತಿಯ ಮುಖ ನೋಡಿದ.

ತಾಯಪ್ಪ ಮಗಳ ಕೈಯನ್ನು ನೋಡಿದ. ಸುತ್ತು ಹಾಕಿದ ರೀತಿಯನ್ನು ನೋಡಿದ. ಯಾಕೆ ಎಂದು ಕೇಳಲಿಲ್ಲ. ಕೆಳಗಿಟ್ಟ ಕಾಲನ್ನು ಹಿಂದಕ್ಕೆ ತೆಗೆದ, ತಿರುಗಿದ, ಅಂಗೈಯನ್ನು ಜ್ವಾಲೆಗೆ ಅಡ್ಡ ಹಿಡಿದುಕೊಂಡು ಪಡಸಾಲೆ ದಾಟಿ, ಮುಂಬಾಗಿಲು ದಾಟಿ, ಓಣಿಯ ಮೇಲ್ತುದಿಯ ಬೇವಿನ ಗಿಡದ ತನಕ ನಡೆದ. ಅಲ್ಲಿ ಎರಡು ಬೆರಳಿನಿಂದ ಬತ್ತಿಯನ್ನು ಹಿಸುಕಿದ.

ಮರುಕ್ಷಣವೇ ದೇವಕಮ್ಮನ ಕಣ್ಣು ಅಂಗಳದ ಗೋಡೆಗೆ ಹೋಯಿತು. ಹಗೇವಿನ ಮೇಲೆಯೇ ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ. ಕರೆಂಟು ಬಂದ ತಕ್ಷಣ ತಾನಾಗಿಯೇ ಮೋಟಾರು ಹಚ್ಚಿಕೊಳ್ಳಲಿ ಎಂದು ಊರವರೆಲ್ಲ ಮಾಡಿಸಿದಂತೆ ಅದನ್ನೂ ಆಟೋಮ್ಯಾಟಿಕ್ ಮಾಡಿಟ್ಟಿದ್ದರು. ಅದು ಹಚ್ಚಿಕೊಳ್ಳುವಾಗ ಒಳಗೆ ನೀಲಿ ಕಿಡಿ ಹಾರುತ್ತದೆ.

"ಆ ಸ್ವಿಚ್ ಆರಸತೀನಿ ತಡಿ," ಎಂದು ಮೋನಮ್ಮ ಅದರ ಕಡೆ ಹೊರಟಳು.

"ಯಾವ ಸ್ವಿಚ್ಚೂ ಮುಟ್ಟಬ್ಯಾಡ್ರಿ! ಎಲ್ಲಾರೂ ಓಣಿಯ ಮ್ಯಾಲ ನಡೀರಿ. ಕಾಕಾ, ಬೀಡಿ ಕಿಸೇದಾಗಽ ಇರಲಿ. ಫೋನ್ ತೆಗೀಬ್ಯಾಡ್ರಿ."

ಮೀಟರಿನ ಹಲಗೆ ಮುಂಬಾಗಿಲ ಹೊರಗೆ, ಓಣಿಯ ಗೋಡೆಯ ಮೇಲಿತ್ತು. ಅವಳು ಓಡಿಹೋಗಿ ಕಟ್ಟೆ ಹತ್ತಿದಳು. ಕರೆಂಟು ಇಲ್ಲದ ಈ ಹೊತ್ತೇ ಸರಿಯಾದ ಹೊತ್ತು. ಹರಿಯದ ಕಾಲುವೆಯಲ್ಲಿ ಒಡ್ಡು ಕಿತ್ತರೆ ಏನೂ ಆಗುವುದಿಲ್ಲ. ಬಿಳಿಯ ಪಿಂಗಾಣಿಯ ಫ್ಯೂಸನ್ನು ಹಿಡಿದು ಎಳೆದಳು. ಧೂಳು ಕಚ್ಚಿ ಕೂತಿತ್ತು. ಇನ್ನೊಮ್ಮೆ ಎಳೆದಳು. ಬಂತು.

ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಕಟ್ಟೆಯಿಂದ ಇಳಿಯುವಷ್ಟರಲ್ಲಿ ಎದುರುಮನೆಯ ಮೋಟಾರು ಗುಂಯ್ ಎಂದಿತು. ಅದರ ಪಕ್ಕದ ಮನೆಯದು. ಓಣಿಯ ಕೆಳಗೆ ಗಿರಣಿಯ ಪಟ್ಟಿ ಚಟಪಟ ಸದ್ದು ಮಾಡಿತು. ಕಂಬದ ದೀಪ ಹಗಲಲ್ಲೇ ಹೊತ್ತಿಕೊಂಡಿತು. ದಿಬ್ಬದ ಓಣಿಗೆಲ್ಲ ಕರೆಂಟು ಬಂದಿತ್ತು. ಖಾಸಿಂಬೀಯ ಗೋಡೆಯ ಮೇಲಿನ ಡಬ್ಬಿಯೊಂದು ಮಾತ್ರ ಮೂಕವಾಗಿತ್ತು.

ಬಾಷುಮಿಯಾ ಆ ಡಬ್ಬಿಯನ್ನು ನೋಡಿದ, ದೇವಕಮ್ಮನ ಸೆರಗಿನ ಗಂಟನ್ನು ನೋಡಿದ. "ಯಾ ಅಲ್ಲಾ," ಎಂದು ಕಟ್ಟೆಯ ಮೇಲೆ ಕುಸಿದು ಕೂತ. "ನೀರು ಬರೋ ಮೊದಲಽ ಗೇಟು ಇಳಿಸಿದಿ ತಾಯೀ."

ಅಂಬ್ರಪ್ಪ ಹಿತ್ತಲಿನ ಒಲೆಗೆ ಕೊಡಗಟ್ಟಲೆ ನೀರು ಸುರಿದ. ಕೆಳಗಿನ ಮನೆಗಳ ಒಲೆಯೂ ಆರಲಿ, ಗ್ಯಾಸು ಇಳಿಜಾರು ಹಿಡಿಯುತ್ತದೆ ಎಂದು ದೇವಕಮ್ಮ ಕೂಗಿದಳು. ಓಣಿಯುದ್ದಕ್ಕೂ ಒಲೆಗಳು ಬುಸ್ಸೆಂದು ಆರಿದವು, ಮೋಟಾರುಗಳು ನಿಂತವು. ಈಗ ಯಾರೂ ನಿಮ್ಮಪ್ಪನನ್ನು ಕೇಳಿ ಬಾ ಅನ್ನಲಿಲ್ಲ.

"ನನ್ನ ಖುಷ್ಕಾ ಅನ್ನ!" ಎಂದು ಖಾಸಿಂಬೀ ಎದೆ ಬಡಿದುಕೊಂಡಳು. "ಅರ್ಧ ಬೆಂದಿತ್ತಲ್ಲೇ!"

"ನೀವು ಪೂರ್ತಿ ಬೇಯೋದು ತಪ್ಪಿತಲ್ಲ ಆಪಾ, ಸುಮ್ಮನ ಬರ್ರಿ," ಎಂದು ಅಂಬ್ರಪ್ಪ ಅವಳ ಕೈಹಿಡಿದು ನಡೆಸಿದ.

ಒಳಗಿದ್ದುದನ್ನು ಹೊರಗೆ ಹಾಕುವ ಪ್ರಶ್ನೆ ಬಂತು. ಫ್ಯಾನ್ ತರೋಣ ಎಂದರು ಯಾರೋ. ಅದರೊಳಗೂ ಕಿಡಿ ಇರುತ್ತದೆ, ಬೇಡ ಎಂದಳು ದೇವಕಮ್ಮ. ಅವಳು ಅಪ್ಪನ ಕಡೆ ನೋಡುವ ಮೊದಲೇ ತಾಯಪ್ಪ ಬೇವಿನ ಗಿಡ ಹತ್ತಿದ್ದ. ಈ ವಯಸ್ಸಿನಲ್ಲಿ, ಪಂಚೆ ಎತ್ತಿ ಕಟ್ಟಿ, ಕೈಗೆ ಸಿಕ್ಕ ಟೊಂಗೆಗಳನ್ನು ಮುರಿಮುರಿದು ಒಗೆಯುತ್ತಿದ್ದ. ಹೊರೆ ಕಟ್ಟಿದ. ಹಗೇವಿನಲ್ಲಿ ತಲೆ ಹಾಕದೆ, ದೂರ ನಿಂತು ಅದನ್ನು ಇಳಿಬಿಟ್ಟ. ಮೇಲೆ ಎಳೆದ, ಕೆಳಗೆ ಬಿಟ್ಟ. ದೇವಕಮ್ಮ ಅವನ ಹಿಂದೆ ನಿಂತು ಹಗ್ಗಕ್ಕೆ ಕೈಕೊಟ್ಟಳು. ಕೆರೆಯಲ್ಲಿ ಬಟ್ಟೆ ಜಾಲಿಸುವ ಹಾಗೆ ಎಲೆಗಳು ಕತ್ತಲಲ್ಲಿ ಸರಸರ ಎಂದವು. ದಣಿದಾಗ ಅಂಬ್ರಪ್ಪ ಕೈಕೊಟ್ಟ. ಎರಡೂ ಬಾಗಿಲು ತೆರೆದಿಟ್ಟು, ಹೆಂಗಸರು ಮೊರ ತಂದು, ಕಣದಲ್ಲಿ ತೂರುವಾಗ ಬೀಸುವ ಹಾಗೆ ಬೀಸಿ ಅಂಗಳದ ಗಾಳಿಯನ್ನು ಓಣಿಗೆ ಅಟ್ಟಿದರು. ಬಿಸಿಲೇರಿತು. ಕಾಲುವೆಯ ಕಡೆಯಿಂದ ಗಾಳಿಯೂ ಎದ್ದಿತು.

ಸುರಪುರದ ಬೀಗರು ಬಂದಾಗ ಮದುಮಗಳ ಮನೆಯ ಮಂದಿಯೆಲ್ಲ ಬೀದಿಯಲ್ಲಿ ಮೊರ ಬೀಸುತ್ತಿದ್ದರು. ವಿಷಯ ತಿಳಿದು ಗಂಡಿನ ತಾಯಿಯೂ ಬುರ್ಖಾ ಎತ್ತಿ ಒಂದು ಮೊರ ಕೇಳಿ ಇಸಿದುಕೊಂಡಳು.

ವಾಸನೆ ಪೂರ್ತಿ ಹೋಯಿತು ಎಂದು ದೇವಕಮ್ಮ ಒಪ್ಪಿದ್ದು ಹೊತ್ತು ಬಾಗಿದ ಮೇಲೆ. ಆಗಲೂ ಯಾರನ್ನೂ ಇಳಿಯಗೊಡಲಿಲ್ಲ. ಬಾವಿಗೆ ಬಿದ್ದ ಕೊಡ ಎತ್ತುವ ಪಾತಾಳಗರಡಿಯ ಕೊಕ್ಕೆಗಳಿಗೆ ಹಸಿ ಗೋಣಿ ಸುತ್ತಿ, ಹಗೇವಿನ ಬಾಯಿಯ ಕಲ್ಲಿಗೂ ಹಸಿ ಗೋಣಿ ಹಾಸಿ, ತಾಯಪ್ಪ ಅದನ್ನು ಇಳಿಬಿಟ್ಟ. ಕಣ್ಣು ಮುಚ್ಚಿಕೊಂಡು ಕೈಯಲ್ಲೇ ತಳವನ್ನು ತಡವಿದ. ಕೊಕ್ಕೆ ಸಿಲಿಂಡರಿನ ಬಳೆಗೆ ಸಿಕ್ಕಿತು. ಕೆಂಪು ಸಿಲಿಂಡರು ತೂಗಾಡುತ್ತ, ಮೆಲ್ಲಗೆ, ಬೆಳಕಿಗೆ ಬಂತು. ಅದರ ಬಾಯಿಯಿಂದ ಇನ್ನೂ ಸಣ್ಣಗೆ ಸುಸ್ ಎನ್ನುವ ಸದ್ದಿತ್ತು. ದೇವಕಮ್ಮ ತನ್ನ ಚೀಲದಿಂದ ಮುಚ್ಚಳ ತೆಗೆದು ಒತ್ತಿ ಕೂರಿಸಿದಳು. ಸದ್ದು ನಿಂತಿತು. ಅಂಬ್ರಪ್ಪ ಅದನ್ನು ಹೊತ್ತು ಊರ ಹೊರಗಿನ ಬಯಲಿಗೆ ಸಾಗಿಸಿದ.

ತಾಯಪ್ಪ ಹಗ್ಗ ಸುತ್ತಿ ಹೆಗಲಿಗೆ ಹಾಕಿಕೊಂಡ. ಮನೆಗೆ ಹೋಗುತ್ತಾನೆ ಎಂದುಕೊಂಡರು. ಅವನು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತ.

"ಏ ಮೋನಮ್ಮ, ಕಲ್ಲು ಸರಸು. ನಾ ಇಳಿಸಿದ್ದು ನಾನಽ ತೆಗೀತೀನಿ."

"ದೀಪ ತರಲೇನು ಯಪ್ಪಾ?" ಎಂದಳು ಮೋನಮ್ಮ ರೂಢಿಯ ಮೇಲೆ.

"ಬೆಂಕಿಕಡ್ಡಿ ತಂದ್ರ ಕೈ ಮುರೀತೀನಿ," ಎಂದ ತಾಯಪ್ಪ. "ನನ್ನ ಮಗಳ ಮೂಗು ತಾ. ಅಕೀ ಹೂಂ ಅಂದ್ರ ಹಗ್ಗ ಬಿಡತೀನಿ."

ಹೊತ್ತು ಮುಳುಗುವುದರೊಳಗೆ ದಿಬ್ಬದ ಓಣಿಯ ಹಗೇವುಗಳೆಲ್ಲ ಬಾಯಿ ತೆರೆದವು. ಪ್ರತಿಯೊಂದರ ಮೇಲೂ ದೇವಕಮ್ಮ ಮೊದಲು ನಿಂತಳು, ಬೇವಿನ ಹೊರೆ ಆಮೇಲೆ ಇಳಿಯಿತು, ಪಾತಾಳಗರಡಿ ಕೊನೆಗೆ. ಸುಗ್ಗಿಯಲ್ಲಿ ಜೋಳದ ಚೀಲ ಏರಿ ಬರುತ್ತಿದ್ದ ಹಾಗೆ ಸಿಲಿಂಡರುಗಳು ಒಂದೊಂದಾಗಿ ಏರಿ ಬಂದವು. ಕಟ್ಟೆಗಳ ಮೇಲೆ ಸಾಲಾಗಿ ನಿಂತವು. ಸಂಜೆಯ ಬಿಸಿಲು ಬಿದ್ದು ಓಣಿಯುದ್ದಕ್ಕೂ ಕೆಂಪು ಹೊಳೆಯಿತು. ಹಲಗೆಯ ಮೇಲಿನ ಒಲೆಗಳು ಕುಂಕುಮದ ಸಮೇತ ಕೆಳಗಿಳಿದವು. ಖಾಸಿಂಬೀಯ ಅರೆಬೆಂದ ಖುಷ್ಕಾ ಓಣಿಯ ಮೇಲ್ತುದಿಯಲ್ಲಿ, ಮೋನಮ್ಮನ ಹೊಸ ಒಲೆಯ ಮೇಲೆ, ನೀಲಿ ಹೂವಿನಂಥ ಉರಿಯಲ್ಲಿ ಬೆಂದಿತು. ತಳ ಸ್ವಲ್ಪ ಹಿಡಿದಿತ್ತು. ಬೀಗರು ಎರಡನೆಯ ಸಲ ಕೇಳಿ ಹಾಕಿಸಿಕೊಂಡರು.

ಫ್ಯೂಸು ದೇವಕಮ್ಮನ ಸೆರಗಿನಲ್ಲೇ ಉಳಿದಿತ್ತು. ಅದನ್ನು ತಿರುಗಿ ಹಾಕಿದಾಗ ಮಮ್ತಾಜಳ ಮನೆಯ ಬಲ್ಬು ಹೊತ್ತಿತು, ಕುಂಬಳ ಹೂವಿನ ಹಳದಿಯಲ್ಲಿ.

"ಟೇಲೆಂಡು," ಎಂದು ಖಾಸಿಂಬೀ ನಕ್ಕಳು.

ಮುಂದಿನ ವಾರ ಸಗರದ ಹೆಂಗಸರು ಹೇಳಿ ಕಳಿಸಿದರು. ಅವರ ಊರಿನ ಹಳೆಯ ಮನೆಗಳಲ್ಲೂ ಒಂದೆರಡು ಸಿಲಿಂಡರುಗಳು ನೆಲದಡಿ ಸೇರಿದ್ದವಂತೆ. ಅಂಬ್ರಪ್ಪನ ಆಟೋದ ಮುಂದೆ ದೇವಕಮ್ಮ ಕೂತಳು. ಹಿಂದೆ ಸಿಲಿಂಡರುಗಳ ನಡುವೆ, ಬೇವಿನ ಹೊರೆಯನ್ನು ತೊಡೆಯ ಮೇಲಿಟ್ಟುಕೊಂಡು, ತಾಯಪ್ಪ. ಕಿಸೆಯಲ್ಲಿ ನಶ್ಯದ ಡಬ್ಬಿ ಇತ್ತು, ಬೆಂಕಿಪೆಟ್ಟಿಗೆ ಇರಲಿಲ್ಲ.

ಸಗರದ ಅಂಗಳದಲ್ಲಿ ಒಬ್ಬ ಮುದುಕಿ ಅವನನ್ನು ಗುರುತು ಹಿಡಿದಳು. ಅವನ ಕಾಲದ ಕಸುಬು ಬಲ್ಲವಳು. ಸೀದಾ ಅವನ ಬಳಿ ಬಂದು, "ತಾಯಪ್ಪಾ, ನೀನಽ ಹೇಳು. ಇದನ್ನ ಎಲ್ಲಿ ಇಡಬೇಕು?" ಎಂದು ಕೇಳಿದಳು.

ತಾಯಪ್ಪ ಹೆಗಲಿನ ಹಗ್ಗವನ್ನು ಇಳಿಸಿದ. ಸುರುಳಿಯಿಂದ ತುದಿಯನ್ನು ಬಿಡಿಸಿ ಮಗಳ ಕೈಗಿಟ್ಟ.

"ಹಗ್ಗ ಅಕೀ ಕೈಯಾಗೈತವಾ," ಎಂದ. "ಅಕೀನ್ನ ಕೇಳು."